ದುರ್ಬಲ ಆಮ್ಲವನ್ನು ಅಳೆಯುವುದು ಹೇಗೆ: ಒಂದು ಬಾವಿ, ಒಂದು ಬ್ಯುರೆಟ್, ಬಾಯಮ್ಮನ ವಿನೆಗರ್

ಪ್ರತಿ ವರ್ಷ ಜುಲೈ ತಿಂಗಳಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. "ಮೇಡಂ, ಅಸಿಟಿಕ್ ಆಸಿಡ್ ವೀಕ್ ಅಲ್ವಾ? ಹಾಗಾದರೆ ಅದನ್ನು ನ್ಯೂಟ್ರಲ್ ಮಾಡಲು ಬೇಸ್ ಕಡಿಮೆ ಸಾಕಲ್ವಾ?"

ನಾನು ಉಡುಪಿಯ ಒಂದು ಪಿಯು ಕಾಲೇಜಿನಲ್ಲಿ 19 ವರ್ಷಗಳಿಂದ ರಸಾಯನಶಾಸ್ತ್ರ ಕಲಿಸುತ್ತಿದ್ದೇನೆ. ಈ ಪ್ರಶ್ನೆ ಕೇಳುವವರು ದಡ್ಡರಲ್ಲ. ಹತ್ತನೇ ತರಗತಿಯಲ್ಲಿ ಆಮ್ಲ, ಪ್ರತ್ಯಾಮ್ಲ, ಲವಣ ಎಲ್ಲ ಓದಿ ಒಳ್ಳೆಯ ಅಂಕ ತೆಗೆದುಕೊಂಡು ಬಂದವರು. ತೊಂದರೆ ಇರುವುದು ನಮ್ಮ ಮಾತಿನಲ್ಲಿ. ಮನೆಯಲ್ಲಿ "ಸ್ಟ್ರಾಂಗ್ ಚಾ" ಎಂದರೆ ಪುಡಿ ಜಾಸ್ತಿ ಹಾಕಿದ ಚಾ. ಅದೇ ಅರ್ಥವನ್ನು ಮಕ್ಕಳು ಲ್ಯಾಬಿಗೂ ತರುತ್ತಾರೆ. ಸ್ಟ್ರಾಂಗ್ ಆಸಿಡ್ ಎಂದರೆ ಗಾಢವಾದದ್ದು, ವೀಕ್ ಎಂದರೆ ನೀರು ಬೆರೆಸಿದ್ದು ಎಂದುಕೊಳ್ಳುತ್ತಾರೆ. ರಸಾಯನಶಾಸ್ತ್ರದಲ್ಲಿ ಇವೆರಡೂ ಬೇರೆ ಬೇರೆ. ಎಷ್ಟು ಆಮ್ಲ ಹಾಕಿದ್ದೇವೆ ಎನ್ನುವುದು ಒಂದು. ಹಾಕಿದ್ದರಲ್ಲಿ ಎಷ್ಟು ಅಣುಗಳು ತಮ್ಮ ಹೈಡ್ರೋಜನ್ ಅಯಾನನ್ನು ಬಿಟ್ಟುಕೊಟ್ಟಿವೆ ಎನ್ನುವುದು ಇನ್ನೊಂದು. ಬ್ಯುರೆಟ್ ಎಂಬ ಗುರುತು ಹಾಕಿದ ಗಾಜಿನ ಕೊಳವೆಯಿಂದ ಪ್ರತ್ಯಾಮ್ಲವನ್ನು (ಬೇಸ್) ಹನಿ ಹನಿಯಾಗಿ ಬಿಟ್ಟು, ಆಮ್ಲ ಮುಗಿಯಲು ಎಷ್ಟು ಬೇಕೆಂದು ನೋಡುವುದೇ ಟೈಟ್ರೇಶನ್. ಅದು ಮೊದಲನೆಯದನ್ನು ಅಳೆಯುತ್ತದೆ. ಪಿಎಚ್ ಕಾಗದ ಎರಡನೆಯದರ ಸುಳಿವು ಕೊಡುತ್ತದೆ. ಪಿಎಚ್ ಎಂದರೆ ಬಿಡಿ ಹೈಡ್ರೋಜನ್ ಅಯಾನು ಎಷ್ಟಿದೆ ಎಂದು ಹೇಳುವ ಸಂಖ್ಯೆ, ಅಯಾನು ಜಾಸ್ತಿಯಾದಷ್ಟೂ ಅದು ಕಡಿಮೆ.

ಇದನ್ನು ಬಾಯಲ್ಲಿ ಹೇಳಿದರೆ ಯಾರಿಗೂ ನಾಟುವುದಿಲ್ಲ. ಹಾಗಾಗಿ ನಾನು ಮೊದಲ ದಿನವೇ ಎರಡು ಫ್ಲಾಸ್ಕ್ ಇಡುತ್ತೇನೆ. ಒಂದರಲ್ಲಿ 0.1 ಮೋಲಾರ್ ಅಸಿಟಿಕ್ ಆಮ್ಲ, 25 ಎಂಎಲ್. (ಮೋಲಾರ್ ಎಂದರೆ ಒಂದು ಲೀಟರಿನಲ್ಲಿ ಎಷ್ಟು ಮೋಲ್ ಇದೆ, ಅಂದರೆ ಎಷ್ಟು ಅಣುಗಳಿವೆ ಎನ್ನುವ ಅಳತೆ.) ಇನ್ನೊಂದರಲ್ಲಿ ತುಂಬಾ ತೆಳು ಮಾಡಿದ ಹೈಡ್ರೋಕ್ಲೋರಿಕ್ ಆಮ್ಲ, ಅದೂ 25 ಎಂಎಲ್. ಇದನ್ನು ಮಾಡುವುದು ಸುಲಭ. 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ 13 ಎಂಎಲ್ ತೆಗೆದುಕೊಂಡು ನೀರು ಸೇರಿಸಿ 1 ಲೀಟರ್ ಮಾಡಿ. ಈಗ ಎರಡಕ್ಕೂ ಪಿಎಚ್ ಕಾಗದ ಅದ್ದಿ. ಎರಡೂ ಒಂದೇ ಬಣ್ಣ. ಎರಡರ ಪಿಎಚ್ ಕೂಡ ಸುಮಾರು 2.9. ಕಾಗದಕ್ಕೆ ಇವೆರಡರ ನಡುವೆ ಏನೂ ವ್ಯತ್ಯಾಸ ಕಾಣುವುದಿಲ್ಲ.

ಆಮೇಲೆ ಎರಡಕ್ಕೂ ಎರಡೆರಡು ಹನಿ ಫಿನಾಲ್ಫ್ತಲೀನ್ (ಆಮ್ಲ ಮುಗಿದಾಗ ಬಣ್ಣ ಬದಲಿಸಿ ತೋರಿಸುವ ಸೂಚಕ) ಹಾಕಿ, 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡನ್ನು ಹನಿ ಹನಿಯಾಗಿ ಬಿಡಿ. ಹೈಡ್ರೋಕ್ಲೋರಿಕ್ ಆಮ್ಲ ಆರೇಳು ಹನಿಗೇ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಅಸಿಟಿಕ್ ಆಮ್ಲಕ್ಕೆ ಬಿಡುತ್ತಲೇ ಇರಬೇಕು. ಹತ್ತು ಎಂಎಲ್, ಹದಿನೈದು, ಇಪ್ಪತ್ತು. ಕೊನೆಗೆ 25ರ ಹತ್ತಿರ ಬಣ್ಣ ಬರುತ್ತದೆ. ಹಿಂದಿನ ಬೆಂಚಿನವರೂ ಎದ್ದು ನಿಲ್ಲುತ್ತಾರೆ. "ವೀಕ್ ಆಸಿಡ್ ಇಷ್ಟೊಂದು ಕುಡಿಯಿತಾ?" ಎನ್ನುತ್ತಾರೆ. ಈಗ ವಿವರಿಸಿದರೆ ಅವರು ಕೇಳುತ್ತಾರೆ.

ನಾನು ಬಾವಿಯ ಉದಾಹರಣೆ ಕೊಡುತ್ತೇನೆ. ಕಲ್ಯಾಣಪುರದ ನಮ್ಮ ಮನೆಯಲ್ಲಿ ಮುರಕಲ್ಲಿನ ಬಾವಿ ಉಂಟು. ಮಾರ್ಚ್ ತಿಂಗಳಲ್ಲಿ ಬಗ್ಗಿ ನೋಡಿದರೆ ತಳದಲ್ಲಿ ಮೊಣಕಾಲಿನಷ್ಟೇ ನೀರು. ಆದರೆ ಸೇದಿದಷ್ಟೂ ಒರತೆಯಿಂದ ಬರುತ್ತದೆ. ಬೆಳಿಗ್ಗೆಯಿಂದ ಸಂಜೆವರೆಗೆ ನಲವತ್ತು ಕೊಡ ಸೇದಿದ್ದೂ ಉಂಟು. ಪಕ್ಕದಲ್ಲಿ ಒಂದು ಸಿಮೆಂಟ್ ತೊಟ್ಟಿ ಇದೆ ಎಂದುಕೊಳ್ಳಿ. ಅದರಲ್ಲೂ ಮೊಣಕಾಲಿನಷ್ಟೇ ನೀರು. ಆದರೆ ಕಂಡದ್ದೇ ಇರುವುದು. ನಾಲ್ಕು ಕೊಡಕ್ಕೆ ಖಾಲಿ. ಮೇಲಿನಿಂದ ಬಗ್ಗಿ ನೋಡುವವನಿಗೆ ಎರಡೂ ಒಂದೇ. ಸೇದುವವನಿಗೆ ಮಾತ್ರ ವ್ಯತ್ಯಾಸ ಗೊತ್ತು.

ಹೈಡ್ರೋಕ್ಲೋರಿಕ್ ಆಮ್ಲ ಆ ತೊಟ್ಟಿಯ ಹಾಗೆ. ಇದ್ದ ಹೈಡ್ರೋಜನ್ ಅಯಾನನ್ನೆಲ್ಲ ನೀರಿಗೆ ಬಿದ್ದ ಕೂಡಲೇ ಬಿಟ್ಟುಕೊಟ್ಟಿರುತ್ತದೆ. ಅಸಿಟಿಕ್ ಆಮ್ಲ ಒರತೆಯ ಬಾವಿ. 0.1 ಮೋಲಾರ್ ದ್ರಾವಣದಲ್ಲಿ 1000 ಅಣುಗಳಿದ್ದರೆ ಸುಮಾರು 13 ಮಾತ್ರ ಬಿಡಿಸಿಕೊಂಡಿರುತ್ತವೆ. ಉಳಿದ 987 ಹಾಗೇ ಹಿಡಿದುಕೊಂಡಿರುತ್ತವೆ. ನಾವು ಪ್ರತ್ಯಾಮ್ಲ ಹಾಕಿ ಆ 13ನ್ನು ಸೇದಿ ತೆಗೆದರೆ ಸಮತೋಲ ಕದಲುತ್ತದೆ, ಇನ್ನಷ್ಟು ಅಣುಗಳು ಬಿಟ್ಟುಕೊಡುತ್ತವೆ. ಕೊನೆಯ ಅಣು ಮುಗಿಯುವ ತನಕ ಇದು ನಡೆಯುತ್ತದೆ. ಆದ್ದರಿಂದ ಒಂದೇ ಸಾಂದ್ರತೆಯ, ಒಂದೇ ಅಳತೆಯ ಹೈಡ್ರೋಕ್ಲೋರಿಕ್ ಮತ್ತು ಅಸಿಟಿಕ್ ಆಮ್ಲಗಳಿಗೆ ಬೇಕಾಗುವ ಸೋಡಿಯಂ ಹೈಡ್ರಾಕ್ಸೈಡ್ ಕೂಡ ಒಂದೇ. ಜುಲೈ ತಿಂಗಳ ಪ್ರಶ್ನೆಗೆ ಇದೇ ಉತ್ತರ.

ಒರತೆ ಎಷ್ಟು ಸಲೀಸಾಗಿ ಬರುತ್ತದೆ ಎನ್ನುವುದಕ್ಕೆ ಒಂದು ಸಂಖ್ಯೆ ಇದೆ. ಅದು ಕೆಎ, ಆಮ್ಲದ ವಿಯೋಜನ ಸ್ಥಿರಾಂಕ. ಅಸಿಟಿಕ್ ಆಮ್ಲಕ್ಕೆ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು 1.8 × 10⁻⁵. ಹುಳಿ ಮಜ್ಜಿಗೆಯ ಲ್ಯಾಕ್ಟಿಕ್ ಆಮ್ಲಕ್ಕೆ ಸುಮಾರು 1.4 × 10⁻⁴. ಚಗಳಿ ಇರುವೆ ಕಚ್ಚಿದಾಗ ಉರಿ ಹತ್ತಿಸುವ ಫಾರ್ಮಿಕ್ ಆಮ್ಲಕ್ಕೆ 1.8 × 10⁻⁴, ಅಂದರೆ ಅಸಿಟಿಕ್‌ನ ಹತ್ತು ಪಟ್ಟು. ಸೋಡಾದಲ್ಲಿರುವ ಕಾರ್ಬಾನಿಕ್ ಆಮ್ಲಕ್ಕೆ ಬರೀ 4.3 × 10⁻⁷. ಸಂಖ್ಯೆ ದೊಡ್ಡದಾದಷ್ಟೂ ಆಮ್ಲ ಪ್ರಬಲ. ನೀರು ಬೆರೆಸಿದರೆ ಸಾಂದ್ರತೆ ಬದಲಾಗುತ್ತದೆ, ಕೆಎ ಬದಲಾಗುವುದಿಲ್ಲ. ಅದು ಆ ಆಮ್ಲದ ಹುಟ್ಟುಗುಣ.

ಆ ಗುಣ ಎಲ್ಲಿಂದ ಬರುತ್ತದೆ ಎಂದು ಕೇಳುವ ಮಗು ಪ್ರತಿ ಬ್ಯಾಚಿನಲ್ಲೂ ಒಂದಾದರೂ ಇರುತ್ತದೆ. ಹೈಡ್ರೋಜನ್ ಹೋದ ಮೇಲೆ ಉಳಿಯುವ ಅಯಾನು ತನ್ನ ಋಣ ಆವೇಶವನ್ನು ಎಷ್ಟು ಆರಾಮವಾಗಿ ಹೊತ್ತುಕೊಳ್ಳಬಲ್ಲದು ಎನ್ನುವುದರಿಂದ ಬರುತ್ತದೆ. ಕೆಎಯನ್ನು ಪಿಎಚ್ ಹಾಗೆಯೇ ಲಾಗರಿದಮ್ ಲೆಕ್ಕದಲ್ಲಿ ಬರೆದರೆ ಪಿಕೆಎ. ಅಸಿಟಿಕ್ ಆಮ್ಲದ ಪಿಕೆಎ 4.76. ಅದರ ಮೀಥೈಲ್ ಗುಂಪಿನ ಒಂದು ಹೈಡ್ರೋಜನ್ ತೆಗೆದು ಕ್ಲೋರಿನ್ ಕೂರಿಸಿದರೆ ಪಿಕೆಎ 2.86ಕ್ಕೆ ಇಳಿಯುತ್ತದೆ. ಕ್ಲೋರಿನ್ ಎಲೆಕ್ಟ್ರಾನುಗಳನ್ನು ತನ್ನ ಕಡೆ ಎಳೆದುಕೊಂಡು ಆವೇಶದ ಭಾರ ಹಂಚಿಕೊಳ್ಳುತ್ತದೆ. ಪಿಕೆಎ ಕಡಿಮೆಯಾದರೆ ಆಮ್ಲ ಪ್ರಬಲ ಎಂದು ನೆನಪಿರಲಿ. ಇದು ತಿರುಗುಮುರುಗು ಲೆಕ್ಕ. ಪರೀಕ್ಷೆಯಲ್ಲಿ ತುಂಬಾ ಮಂದಿ ತಪ್ಪುವುದು ಇಲ್ಲೇ.

ಇನ್ನೊಂದು ಮಾತು. ಇದನ್ನು ನಾನು ಬೋರ್ಡಿನಲ್ಲಿ ದೊಡ್ಡದಾಗಿ ಬರೆಸುತ್ತೇನೆ. ದುರ್ಬಲ ಆಮ್ಲ ಎಂದರೆ ಅಪಾಯ ಇಲ್ಲದ ಆಮ್ಲ ಅಲ್ಲ. ಸುಳ್ಯ, ಬೆಳ್ತಂಗಡಿ ಕಡೆಯಿಂದ ಬರುವ ಮಕ್ಕಳ ಮನೆಯಲ್ಲಿ ರಬ್ಬರ್ ಹಾಲು ಹೆಪ್ಪುಗಟ್ಟಿಸಲು ಫಾರ್ಮಿಕ್ ಆಮ್ಲ ಇಟ್ಟಿರುತ್ತಾರೆ. ಪುಸ್ತಕದ ಪ್ರಕಾರ ಅದು ದುರ್ಬಲ. ಕ್ಯಾನಿನಿಂದ ನೇರವಾಗಿ ಕೈಗೆ ಬಿದ್ದರೆ ಚರ್ಮ ಬೊಬ್ಬೆ ಬರುತ್ತದೆ. ಹೈಡ್ರೋಫ್ಲೋರಿಕ್ ಆಮ್ಲವೂ ದುರ್ಬಲ ಆಮ್ಲಗಳ ಪಟ್ಟಿಯಲ್ಲೇ ಇದೆ. ಅದು ಚರ್ಮದೊಳಗೆ ಇಳಿದು ಮೂಳೆಯ ಕ್ಯಾಲ್ಸಿಯಂ ತನಕ ಹೋಗುತ್ತದೆ, ಜೀವವನ್ನೇ ತೆಗೆಯಬಲ್ಲದು. ಪಟ್ಟಿಯಲ್ಲಿನ ಹೆಸರು ನೋಡಿ ಕೈ ಹಾಕಬೇಡಿ.

ಮಳೆಗಾಲದಲ್ಲಿ ದ್ರಾವಣ ತಯಾರಿ

ನಮ್ಮ ಊರಿನಲ್ಲಿ ಟೈಟ್ರೇಶನ್ ಕಲಿಸುವವರಿಗೆ ಮಳೆಗಾಲ ಒಂದು ಪಾಠ. ಕಾಲೇಜು ಶುರುವಾಗುವುದೇ ಜೂನ್‌ನಲ್ಲಿ. ಗಾಳಿಯೆಲ್ಲ ನೀರು. ಸೋಡಿಯಂ ಹೈಡ್ರಾಕ್ಸೈಡ್ ಬಿಲ್ಲೆಗಳನ್ನು ವಾಚ್ ಗ್ಲಾಸಿಗೆ ಹಾಕಿ ತೂಕ ನೋಡುವಷ್ಟರಲ್ಲಿ ಅವು ಬೆವರಿ ಜಾರತೊಡಗುತ್ತವೆ. ತಕ್ಕಡಿಯ ಸಂಖ್ಯೆ ಏರುತ್ತಲೇ ಇರುತ್ತದೆ. ನೀವು 4 ಗ್ರಾಂ ಎಂದು ತೂಗಿದ್ದರಲ್ಲಿ ಒಂದಷ್ಟು ನೀರೇ. ಅದರ ಜೊತೆ ಗಾಳಿಯ ಕಾರ್ಬನ್ ಡೈಆಕ್ಸೈಡ್ ಸೇರಿ ಸ್ವಲ್ಪ ಕಾರ್ಬೊನೇಟ್ ಆಗಿರುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಹಾಗೆ ಮಾಡಿದ ದ್ರಾವಣ 0.1 ಮೋಲಾರ್ ಬದಲು 0.08ರ ಹತ್ತಿರ ಬಂದಿತ್ತು.

ಹಾಗಾಗಿ ಸೋಡಿಯಂ ಹೈಡ್ರಾಕ್ಸೈಡನ್ನು ಕರಾರುವಾಕ್ಕಾಗಿ ತೂಗಲು ಹೋಗಲೇಬೇಡಿ. ಅಂದಾಜು 4 ಗ್ರಾಂ, ಬೇಗ ತೂಗಿ, ಕುದಿಸಿ ಆರಿಸಿದ ಡಿಸ್ಟಿಲ್ಡ್ ವಾಟರ್‌ನಲ್ಲಿ ಕರಗಿಸಿ, 1 ಲೀಟರ್ ಮಾಡಿ, ಪ್ಲಾಸ್ಟಿಕ್ ಬಾಟಲಿಯಲ್ಲಿ ಬಿಗಿಯಾಗಿ ಮುಚ್ಚಿಡಿ. ನಿಖರವಾಗಿ ತೂಗಬೇಕಾದದ್ದು ಆಕ್ಸಾಲಿಕ್ ಆಮ್ಲವನ್ನು. ಅದರ ಹರಳು ಮಳೆಗಾಲದಲ್ಲೂ ಹಾಗೇ ಇರುತ್ತದೆ, ನೀರು ಎಳೆಯುವುದಿಲ್ಲ. ಎರಡು ನೀರಿನ ಅಣು ಸೇರಿದ ಹರಳಿನ ಮೋಲಾರ್ ತೂಕ, ಅಂದರೆ ಒಂದು ಮೋಲಿನ ತೂಕ, 126 ಗ್ರಾಂ. ಅದನ್ನು 1.575 ಗ್ರಾಂ ತೂಗಿ 250 ಎಂಎಲ್ ಸ್ಟಾಂಡರ್ಡ್ ಫ್ಲಾಸ್ಕಿನಲ್ಲಿ ಗೆರೆಯವರೆಗೆ ತುಂಬಿದರೆ 0.05 ಮೋಲಾರ್. ತೂಗುವಾಗ ಫ್ಯಾನ್ ಆಫ್ ಮಾಡಿ. ಇದು ಸಣ್ಣ ವಿಷಯ ಅನಿಸಬಹುದು. ಆದರೆ ಮೂರನೇ ದಶಾಂಶ ಕುಣಿಯುವುದು ಫ್ಯಾನಿನ ಗಾಳಿಗೇ.

ಈ ಆಮ್ಲದ 25 ಎಂಎಲ್‌ಗೆ ನಮ್ಮ ಸೋಡಿಯಂ ಹೈಡ್ರಾಕ್ಸೈಡ್ ಕಳೆದ ಸಲ 25.5 ಎಂಎಲ್ ಬೇಕಾಯಿತು. ಆಕ್ಸಾಲಿಕ್ ಆಮ್ಲದ ಒಂದು ಅಣುವಿನಲ್ಲಿ ಬಿಟ್ಟುಕೊಡುವ ಹೈಡ್ರೋಜನ್ ಎರಡು. ಆದ್ದರಿಂದ 25 × 0.05 × 2 ಅನ್ನು 25.5ರಿಂದ ಭಾಗಿಸಬೇಕು. 0.098 ಮೋಲಾರ್ ಬಂತು. ಬಾಟಲಿಗೆ ಚೀಟಿ ಅಂಟಿಸಿ, ತಾರೀಕೂ ಬರೆದೆ. ಹದಿನೈದು ದಿನ ಕಳೆದರೆ ಮತ್ತೆ ನೋಡಬೇಕು.

ಬ್ಯುರೆಟ್ ಹಿಡಿಯುವ ಕೈ

ಈಗ ಕೈಕೆಲಸ. ಬ್ಯುರೆಟ್ಟನ್ನು ಮೊದಲು ನೀರಿನಲ್ಲಿ, ಆಮೇಲೆ ಅದರೊಳಗೆ ತುಂಬಬೇಕಾದ ದ್ರಾವಣದಿಂದಲೇ ತೊಳೆಯಿರಿ. ಪಿಪೆಟ್ಟಿಗೂ ಹಾಗೆಯೇ. ಆದರೆ ಕೋನಿಕಲ್ ಫ್ಲಾಸ್ಕನ್ನು ಬರೀ ಡಿಸ್ಟಿಲ್ಡ್ ವಾಟರ್‌ನಿಂದ ತೊಳೆಯಬೇಕು. ಆಮ್ಲದಿಂದ ತೊಳೆದರೆ ಗೋಡೆಗೆ ಅಂಟಿದ ಆಮ್ಲವೂ ಲೆಕ್ಕಕ್ಕೆ ಸೇರುತ್ತದೆ. ಫ್ಲಾಸ್ಕಿನಲ್ಲಿ ನೀರು ಉಳಿದಿದ್ದರೆ ತೊಂದರೆ ಇಲ್ಲ. ನೀರಿನಿಂದ ಆಮ್ಲದ ಅಣುಗಳ ಸಂಖ್ಯೆ ಹೆಚ್ಚಾಗುವುದಿಲ್ಲ, ಕಡಿಮೆಯೂ ಆಗುವುದಿಲ್ಲ. ಬಾವಿಯ ಮಾತು ಅರ್ಥವಾದವರಿಗೆ ಇದೂ ಅರ್ಥವಾಗುತ್ತದೆ.

ಬ್ಯುರೆಟ್ ತುಂಬಿದ ಮೇಲೆ ಫನೆಲ್ ತೆಗೆದಿಡಿ. ಇಲ್ಲದಿದ್ದರೆ ಅದರ ಬಾಯಿಂದ ಮಧ್ಯದಲ್ಲಿ ಒಂದು ಹನಿ ಜಾರಿ ರೀಡಿಂಗ್ ಕೆಡುತ್ತದೆ. ಕೆಳಗಿನ ಮೂತಿಯಲ್ಲಿ ಗಾಳಿ ಗುಳ್ಳೆ ಇದೆಯೇ ನೋಡಿ. ಇದ್ದರೆ ನಲ್ಲಿ ಪೂರ್ತಿ ತೆರೆದು ಒಮ್ಮೆ ಜೋರಾಗಿ ಬಿಟ್ಟರೆ ಹೋಗುತ್ತದೆ. ಗಾಜಿನ ನಲ್ಲಿಯ ಬ್ಯುರೆಟ್‌ನಲ್ಲಿ ಸೋಡಿಯಂ ಹೈಡ್ರಾಕ್ಸೈಡ್ ಬಿಟ್ಟು ಮನೆಗೆ ಹೋದರೆ ಮರುದಿನ ನಲ್ಲಿ ಅಲ್ಲಾಡುವುದಿಲ್ಲ. ಹಾಗಾಗಿ ನಮ್ಮಲ್ಲಿ ರಬ್ಬರ್ ಕೊಳವೆಗೆ ಕ್ಲಿಪ್ ಹಾಕಿದ ಬ್ಯುರೆಟ್ಟನ್ನೇ ಇದಕ್ಕೆ ಇಟ್ಟಿದ್ದೇವೆ. ಈ ಕ್ಲಿಪ್ಪಿನ ಬ್ಯುರೆಟ್ಟನ್ನು ಬಳಕೆಗೆ ತಂದವರು ಕಾರ್ಲ್ ಫ್ರೆಡ್ರಿಕ್ ಮೋರ್ ಎಂಬ ಜರ್ಮನ್ ಔಷಧ ತಜ್ಞರು, 19ನೇ ಶತಮಾನದಲ್ಲಿ. ಅವರು ಮಾಡಿದ ಆ ಸರಳ ಉಪಾಯ ಇವತ್ತಿಗೂ ನಮ್ಮ ಲ್ಯಾಬಿನ ಮೇಜಿನ ಮೇಲೆ ಇದೆ ಎಂದು ಹೇಳುವಾಗ ನನಗೆ ಪ್ರತಿ ಸಲ ಖುಷಿಯಾಗುತ್ತದೆ.

ಪಿಪೆಟ್ಟಿಗೆ ಬಾಯಿ ಹಾಕಬೇಡಿ. ರಬ್ಬರ್ ಬಲ್ಬ್ ಬಳಸಿ. ತುದಿಯಲ್ಲಿ ಉಳಿದ ಕೊನೆಯ ಹನಿಯನ್ನು ಊದಿ ಬೀಳಿಸಬೇಡಿ. ಫ್ಲಾಸ್ಕಿನ ಗೋಡೆಗೆ ಒಮ್ಮೆ ತಾಗಿಸಿದರೆ ಸಾಕು. ಆ ಹನಿಯನ್ನು ಬಿಟ್ಟೇ ಪಿಪೆಟ್ಟಿನ ಗೆರೆ ಹಾಕಿರುತ್ತಾರೆ.

ಎಡಗೈ ಕ್ಲಿಪ್ಪಿನ ಮೇಲೆ, ಬಲಗೈ ಫ್ಲಾಸ್ಕಿನ ಕುತ್ತಿಗೆಯಲ್ಲಿ, ಕೆಳಗೆ ಬಿಳಿ ಟೈಲ್. ಮೊದಲ ಸಲ ವೇಗವಾಗಿ ಬಿಟ್ಟು ಸುಮಾರು ಎಲ್ಲಿ ಬಣ್ಣ ಬರುತ್ತದೆ ಎಂದು ಕಂಡುಕೊಳ್ಳಿ. ಎರಡನೇ ಸಲ ಅದಕ್ಕಿಂತ 2 ಎಂಎಲ್ ಮೊದಲೇ ನಿಧಾನ ಮಾಡಿ. ಹನಿ ಬಿದ್ದಲ್ಲಿ ಗುಲಾಬಿ ಮೂಡಿ ಮಾಯವಾಗುತ್ತದೆ. ಮಾಯವಾಗಲು ತೆಗೆದುಕೊಳ್ಳುವ ಹೊತ್ತು ಜಾಸ್ತಿಯಾಗುತ್ತಾ ಬಂದರೆ ಹತ್ತಿರ ಬಂದಿದ್ದೀರಿ ಎಂದರ್ಥ. ಇಡೀ ಫ್ಲಾಸ್ಕ್ ತೆಳು ಗುಲಾಬಿಯಾಗಿ 30 ಸೆಕೆಂಡ್ ನಿಂತರೆ ಅದೇ ಕೊನೆ. ಅದಕ್ಕಿಂತ ಜಾಸ್ತಿ ಕಾಯಬೇಡಿ. ಗಾಳಿಯ ಕಾರ್ಬನ್ ಡೈಆಕ್ಸೈಡ್ ಸೇರಿ ಬಣ್ಣ ತಾನಾಗಿಯೇ ಮಾಸುತ್ತದೆ. ಮಕ್ಕಳು ಅದನ್ನು ನೋಡಿ ಇನ್ನೊಂದು ಹನಿ, ಮತ್ತೊಂದು ಹನಿ ಎಂದು ಹಾಕುತ್ತಾ ಹೋಗುತ್ತಾರೆ. ಗಾಢ ಗುಲಾಬಿ ಬಂತೆಂದರೆ ದಾಟಿ ಹೋಯಿತು. ಚಂದ ಕಾಣುತ್ತದೆ, ಆದರೆ ರೀಡಿಂಗ್ ತಪ್ಪು.

ಸೂಚಕ ತಪ್ಪಿದರೆ ಏನಾಗುತ್ತದೆ

ಇಲ್ಲಿ ಒಂದು ಹಳೆಯ ಘಟನೆ ಹೇಳಬೇಕು. ನಾನು ಕಲಿಸತೊಡಗಿದ ಮೊದಲ ವರ್ಷ. ಫಿನಾಲ್ಫ್ತಲೀನ್ ಮುಗಿದಿತ್ತು. ಇನ್ನೊಂದು ಸೂಚಕ ಮೀಥೈಲ್ ಆರೆಂಜ್ ಇತ್ತಲ್ಲ, ಅದನ್ನೇ ಕೊಟ್ಟೆ. ಅಸಿಟಿಕ್ ಆಮ್ಲ 25 ಎಂಎಲ್; ಆಮ್ಲ, ಸೋಡಿಯಂ ಹೈಡ್ರಾಕ್ಸೈಡ್ ಎರಡೂ 0.1 ಮೋಲಾರ್. 25ರ ಹತ್ತಿರ ಬರಬೇಕು. ಒಬ್ಬ ಹುಡುಗಿ 3 ಎಂದು ಬರೆದಿದ್ದಳು. ಇನ್ನೊಬ್ಬ 5. ಮತ್ತೊಬ್ಬ 7. ಮೂವರಿಗೂ ಅಂಕ ಕಳೆದೆ. ಗಮನ ಇಟ್ಟು ಮಾಡಲಿಲ್ಲ ಎಂದು ಗದರಿಯೂ ಬಿಟ್ಟೆ. ಆ ಹುಡುಗಿ "ಮೇಡಂ, ಬಣ್ಣ ನಿಜವಾಗಿಯೂ ಅಲ್ಲಿಂದಲೇ ಬದಲಾಗ್ತಾ ಇತ್ತು" ಎಂದಳು. ನಾನು ಕೇಳಲಿಲ್ಲ.

ರಾತ್ರಿ ಕೂತು ಲೆಕ್ಕ ಹಾಕಿದಾಗ ನನ್ನ ಎದೆ ಧಸಕ್ಕೆಂದಿತು. ಮೀಥೈಲ್ ಆರೆಂಜ್ ಪಿಎಚ್ 3.1ರಲ್ಲಿ ಕೆಂಪು ಬಿಡತೊಡಗಿ 4.4ರಲ್ಲಿ ಪೂರ್ತಿ ಹಳದಿಯಾಗುತ್ತದೆ. ನಮ್ಮ ಅಸಿಟಿಕ್ ಆಮ್ಲದ ಪಿಎಚ್ ಶುರುವಿನಲ್ಲೇ 2.9. ಮೊದಲ 1 ಎಂಎಲ್ ಮುಗಿಯುವ ಮೊದಲೇ 3.1 ದಾಟುತ್ತದೆ. 7 ಅಥವಾ 8 ಎಂಎಲ್ ಹೊತ್ತಿಗೆ 4.4. ಅಂದರೆ ಬಣ್ಣ ಬದಲಾಗುವುದು ಒಂದು ಹನಿಯಲ್ಲಿ ಅಲ್ಲ, ಏಳು ಎಂಎಲ್ ಉದ್ದಕ್ಕೂ. 3, 5, 7 ಎಲ್ಲವೂ ಸರಿಯಾಗಿ ನೋಡಿದವರ ರೀಡಿಂಗೇ. ತಪ್ಪು ನಾನು ಕೊಟ್ಟ ಬಾಟಲಿಯದ್ದು. ಮರುದಿನ ಮೂವರ ರೆಕಾರ್ಡ್ ಪುಸ್ತಕ ವಾಪಸ್ ತರಿಸಿ ಅಂಕ ತಿದ್ದಿದೆ, ತರಗತಿಯ ಎದುರಿಗೇ ಕಾರಣ ಹೇಳಿದೆ.

ಆಮೇಲೆ ನಾನು ಸೂಚಕದ ಪಾಠವನ್ನು ಈ ಲೆಕ್ಕದಿಂದಲೇ ಶುರುಮಾಡುತ್ತೇನೆ. ಬಾವಿ ಬತ್ತುವ ಗಳಿಗೆಯಲ್ಲಿ ಫ್ಲಾಸ್ಕಿನಲ್ಲಿ ಏನು ಉಳಿದಿರುತ್ತದೆ? ಸೋಡಿಯಂ ಅಸಿಟೇಟ್. ಅಸಿಟೇಟ್ ಅಯಾನು ನೀರಿನಿಂದ ಸ್ವಲ್ಪ ಹೈಡ್ರೋಜನ್ ಅಯಾನು ಹಿಂದಕ್ಕೆ ಎಳೆದುಕೊಳ್ಳುತ್ತದೆ, ಹೈಡ್ರಾಕ್ಸೈಡ್ ಉಳಿಯುತ್ತದೆ. ಆದ್ದರಿಂದ ಕೊನೆಯ ಬಿಂದುವಿನಲ್ಲಿ ಪಿಎಚ್ 7 ಅಲ್ಲ, ಸುಮಾರು 8.7. ತಟಸ್ಥ ಎಂದರೆ 7 ಎಂದು ಬಾಯಿಪಾಠ ಮಾಡಿದವರಿಗೆ ಇದು ಕಷ್ಟವಾಗುತ್ತದೆ. ಒಂದು ಹನಿ ಅಂದರೆ 0.05 ಎಂಎಲ್. ಕೊನೆಗೆ ಒಂದು ಹನಿ ಬಾಕಿ ಇರುವಾಗ ಪಿಎಚ್ 7.5. ಒಂದು ಹನಿ ಜಾಸ್ತಿಯಾದರೆ 10. ಫಿನಾಲ್ಫ್ತಲೀನ್ ಬಣ್ಣ ಪಡೆಯುವುದು 8.2ರಿಂದ 10ರ ನಡುವೆ. ಆ ಎರಡು ಹನಿಗಳ ನಡುವೆಯೇ ಅದರ ಕೆಲಸ ಮುಗಿಯುತ್ತದೆ. ಹೈಡ್ರೋಕ್ಲೋರಿಕ್ ಆಮ್ಲದಲ್ಲಾದರೆ ಅದೇ ಎರಡು ಹನಿಗೆ ಪಿಎಚ್ 4ರಿಂದ 10ಕ್ಕೆ ಹಾರುತ್ತದೆ. ಅಲ್ಲಿ ಮೀಥೈಲ್ ಆರೆಂಜ್ ಹಾಕಿದರೂ ನಡೆಯುತ್ತದೆ. ಪ್ರಬಲ ಆಮ್ಲ ತಪ್ಪನ್ನು ಕ್ಷಮಿಸುತ್ತದೆ, ದುರ್ಬಲ ಆಮ್ಲ ಕ್ಷಮಿಸುವುದಿಲ್ಲ.

ಬಾಯಮ್ಮನ ಶೀಶೆ

ನಮ್ಮ ಪಕ್ಕದ ಮನೆಯ ಬಾಯಮ್ಮ ತೆಂಗಿನ ಶೇಂದಿಯಿಂದ ಮನೆಯಲ್ಲೇ ವಿನೆಗರ್ ಮಾಡುತ್ತಾರೆ. ಭರಣಿಯ ಬಾಯಿಗೆ ಬಟ್ಟೆ ಕಟ್ಟಿ ವಾರಗಟ್ಟಲೆ ಇಡುತ್ತಾರೆ. ಶೇಂದಿಯ ಸಕ್ಕರೆ ಮೊದಲು ಆಲ್ಕೋಹಾಲ್ ಆಗುತ್ತದೆ, ಆಮೇಲೆ ಗಾಳಿ ಬೇಕಾದ ಬ್ಯಾಕ್ಟೀರಿಯಾ ಅದನ್ನು ಅಸಿಟಿಕ್ ಆಮ್ಲ ಮಾಡುತ್ತವೆ. ಬಟ್ಟೆ ಕಟ್ಟುವುದು ಅದಕ್ಕೇ. ಹಂದಿ ಮಾಂಸದ ಇಂಡಾದಿಗೆ ಅವರು ಬೇರೆ ವಿನೆಗರ್ ಮುಟ್ಟುವುದಿಲ್ಲ. ನಾನು ಒಂದು ಸಣ್ಣ ಶೀಶೆಯಲ್ಲಿ ಕೇಳಿ ತಂದೆ. ಅಂಗಡಿಯ ವಿನೆಗರ್ ಒಂದು ಬಾಟಲಿಯನ್ನೂ ತಂದೆ. ಎರಡನ್ನೂ ಮಕ್ಕಳಿಗೆ ಕೊಟ್ಟೆ. ಉಪ್ಪು, ಲವಣ ಎಂದು ಸುಮ್ನೆ ಮಾಡುವ ಪ್ರಯೋಗಕ್ಕಿಂತ ಅವರು ಇದಕ್ಕೆ ಹತ್ತು ಪಟ್ಟು ಗಮನ ಕೊಟ್ಟರು.

ವಿನೆಗರನ್ನು ನೇರವಾಗಿ ಟೈಟ್ರೇಟ್ ಮಾಡಿದರೆ ಬ್ಯುರೆಟ್ ಸಾಲುವುದಿಲ್ಲ. 10 ಎಂಎಲ್ ತೆಗೆದು 100 ಎಂಎಲ್ ಮಾಡಬೇಕು. ಮನೆಯ ವಿನೆಗರಿನ ಕಂದು ಬಣ್ಣವೂ ಇದರಿಂದ ತೆಳುವಾಗಿ, ಗುಲಾಬಿ ಕಾಣಲು ಅಡ್ಡಿಯಾಗುವುದಿಲ್ಲ. ಅದರಿಂದ 25 ಎಂಎಲ್ ಫ್ಲಾಸ್ಕಿಗೆ. ಅಂಗಡಿಯದ್ದಕ್ಕೆ 16.9 ಎಂಎಲ್ ಬೇಕಾಯಿತು. ಲೆಕ್ಕ ಹೀಗೆ. 16.9ನ್ನು 0.098ರಿಂದ ಗುಣಿಸಿ 25ರಿಂದ ಭಾಗಿಸಿದರೆ 0.0662 ಮೋಲಾರ್. ಹತ್ತು ಪಟ್ಟು ತೆಳು ಮಾಡಿದ್ದೆವಲ್ಲ, ಆದ್ದರಿಂದ 0.662. ಅಸಿಟಿಕ್ ಆಮ್ಲದ ಮೋಲಾರ್ ತೂಕ 60. ಗುಣಿಸಿದರೆ ಲೀಟರಿಗೆ 39.7 ಗ್ರಾಂ. ಅಂದರೆ 100 ಎಂಎಲ್‌ನಲ್ಲಿ ಸುಮಾರು 4 ಗ್ರಾಂ, ಶೇಕಡಾ 4. ಬಾಯಮ್ಮನದ್ದಕ್ಕೆ 21.4 ಎಂಎಲ್ ಬಂತು. ಅದೇ ಲೆಕ್ಕಕ್ಕೆ ಶೇಕಡಾ 5. ಮನೆಯ ವಿನೆಗರಿನಲ್ಲಿ ಬೇರೆ ಆಮ್ಲಗಳೂ ಚೂರು ಇರುತ್ತವೆ, ಬ್ಯುರೆಟ್ ಅವನ್ನು ಬೇರ್ಪಡಿಸಿ ಹೇಳುವುದಿಲ್ಲ. ಎಲ್ಲವನ್ನೂ ಅಸಿಟಿಕ್ ಎಂದೇ ಲೆಕ್ಕ ಹಾಕುತ್ತೇವೆ. ರೆಕಾರ್ಡಿನಲ್ಲಿ ಅದನ್ನು ಒಂದು ಸಾಲು ಬರೆಯಬೇಕು.

ಸಂಜೆ ಬೇಲಿಯ ಹತ್ತಿರ ನಿಂತು ಬಾಯಮ್ಮನಿಗೆ ಹೇಳಿದೆ. ಅವರು ಒಂದು ಕ್ಷಣ ಯೋಚಿಸಿ, "ಹಾಗಾದರೆ ಟೀಚರೇ, ಅಂಗಡಿಯದ್ದು ಐದು ಚಮಚ ಹಾಕುವಲ್ಲಿ ನನ್ನದು ನಾಲ್ಕು ಸಾಕು, ಅಲ್ವಾ?" ಎಂದರು. ಇಷ್ಟನ್ನು ಹೇಳಲು ನಾನು ಬೋರ್ಡಿನಲ್ಲಿ ಸೂತ್ರ ಬರೆಯುತ್ತೇನೆ. ಮರುದಿನ ಮೊದಲು ಅವರ ಚಮಚದ ಲೆಕ್ಕ ಹೇಳಿ ಆಮೇಲೆ ಸೂತ್ರ ಬರೆದೆ.

ಪಿಎಚ್ ಮೀಟರ್ ಇದ್ದರೆ ಇನ್ನೊಂದು ಸೊಗಸಾದ ಕೆಲಸ ಮಾಡಬಹುದು. ತೆಳು ಮಾಡಿದ ಅಂಗಡಿ ವಿನೆಗರ್ 25 ಎಂಎಲ್ ತೆಗೆದುಕೊಂಡು ಗುಲಾಬಿ ಬರುವ ತನಕ ಟೈಟ್ರೇಟ್ ಮಾಡಿ. ಈಗ ಅದೇ ಫ್ಲಾಸ್ಕಿಗೆ ಅದೇ ವಿನೆಗರ್ ಇನ್ನೂ 25 ಎಂಎಲ್ ಸುರಿಯಿರಿ. ಅರ್ಧ ಅಸಿಟೇಟ್, ಅರ್ಧ ಆಮ್ಲ. ಪಿಎಚ್ ನೋಡಿ. ಆ ಸಂಖ್ಯೆಯೇ ಪಿಕೆಎ. 4.7ರ ಆಸುಪಾಸು ಬರುತ್ತದೆ. ಮೀಟರನ್ನು ಮೊದಲು ಪಿಎಚ್ ಗೊತ್ತಿರುವ ಬಫರ್ ದ್ರಾವಣದಲ್ಲಿ ಸರಿಮಾಡಿಕೊಂಡಿರಬೇಕು. ಎಷ್ಟು ಆಮ್ಲ ಇದೆ ಎಂದು ತಿಳಿಯದಿದ್ದರೂ ಅದು ಎಷ್ಟು ಪ್ರಬಲ ಎಂದು ಹೀಗೆ ತಿಳಿಯಬಹುದು.

ಮನೆಯಲ್ಲಿ ಮಾಡುವುದಾದರೆ

ಲ್ಯಾಬಿನಲ್ಲಿ ಒಬ್ಬೊಬ್ಬರಿಗೆ ಸಿಗುವುದು ಎರಡು ಗಂಟೆ. ಕೈ ಪಳಗಲು ಅದು ಸಾಲದು. ಅದಕ್ಕೆ ನಾನು ಮಕ್ಕಳಿಗೆ ಅರಿಶಿನ ಮತ್ತು ಸುಣ್ಣದ ಟೈಟ್ರೇಶನ್ ಹೇಳಿಕೊಡುತ್ತೇನೆ. ನಮ್ಮ ಕಡೆ ಶುಭಕಾರ್ಯಕ್ಕೆ ಆರತಿ ಎತ್ತುವಾಗ ಅರಿಶಿನದ ನೀರಿಗೆ ಸುಣ್ಣ ಕಲಸಿ ಕೆಂಪು ಮಾಡುತ್ತಾರಲ್ಲ, ಅದೇ ರಸಾಯನ. ಅರಿಶಿನದ ಹಳದಿ ಬಣ್ಣ ಪಿಎಚ್ 8ರ ಸುತ್ತಮುತ್ತ ಕೆಂಪಿಗೆ ತಿರುಗುತ್ತದೆ. ವಿನೆಗರಿನ ಕೊನೆಯ ಬಿಂದುವೂ ಅಲ್ಲೇ ಹತ್ತಿರ. ದುರ್ಬಲ ಆಮ್ಲಕ್ಕೆ ಇದಕ್ಕಿಂತ ಒಳ್ಳೆಯ ಸೂಚಕ ಅಡುಗೆಮನೆಯಲ್ಲಿ ಇಲ್ಲ. ಪುನರ್ಪುಳಿ (ಕೋಕಂ) ಸಾರನ್ನು ಬಳಸಬಹುದೇ ಎಂದು ಕೇಳುತ್ತಾರೆ. ಅದರ ಕೆಂಪು ಸೋಡಾಪುಡಿಗೆ ಬಣ್ಣ ಬದಲಿಸುವುದು ನಿಜ, ನೋಡಲೂ ಚಂದ. ಆದರೆ ಅದು ನಿಧಾನವಾಗಿ ಹಲವು ಬಣ್ಣ ದಾಟುತ್ತದೆ, ಸಾರೇ ಹುಳಿ ಬೇರೆ. ಅಳತೆಗೆ ಆಗುವುದಿಲ್ಲ.

ಎಲೆಅಡಿಕೆಗೆ ಹಚ್ಚುವ ಸುಣ್ಣ ಒಂದು ಚಮಚವನ್ನು ಒಂದು ಲೀಟರ್ ನೀರಿನ ಬಾಟಲಿಗೆ ಹಾಕಿ, ಕುಲುಕಿ, ಮುಚ್ಚಿ, ಒಂದು ರಾತ್ರಿ ಇಡಿ. ಮೇಲಿನ ತಿಳಿಯನ್ನು ಮಾತ್ರ ಕದಡದೆ ಬಗ್ಗಿಸಿಕೊಳ್ಳಿ. ಸುಣ್ಣ ಎಷ್ಟೇ ಹಾಕಿದರೂ ಒಂದು ಲೀಟರ್ ನೀರಿನಲ್ಲಿ ಕರಗುವುದು ಸುಮಾರು ಒಂದೂವರೆ ಗ್ರಾಂ. ಹಾಗಾಗಿ ತಕ್ಕಡಿಯೇ ಬೇಡ. ತಿಳಿಯ ಸಾಂದ್ರತೆ ತಾನಾಗಿಯೇ ಸುಮಾರು 0.02 ಮೋಲಾರ್‌ನಲ್ಲಿ ನಿಲ್ಲುತ್ತದೆ. ಸುಣ್ಣ ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು. ಕನ್ನಡಕ ಹಾಕಿಕೊಂಡೇ ಮಾಡಿ, ಚಿಕ್ಕವರಾದರೆ ದೊಡ್ಡವರು ಜೊತೆಗಿರಲಿ.

ಅರಿಶಿನ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ಒಂದು ಚಿಟಿಕೆಯನ್ನು ಎರಡು ಚಮಚ ಸರ್ಜಿಕಲ್ ಸ್ಪಿರಿಟ್‌ನಲ್ಲಿ ಕದಡಿ, ಹತ್ತಿಯಲ್ಲಿ ಸೋಸಿ. ಹತ್ತಿರ ಬೆಂಕಿ, ದೀಪ ಇರಬಾರದು. ಮೆಡಿಕಲ್ ಶಾಪಿನಿಂದ ಸೂಜಿ ಇಲ್ಲದ ಸಿರಿಂಜು ಎರಡು ತನ್ನಿ, 1 ಎಂಎಲ್‌ದು ಒಂದು, 10 ಎಂಎಲ್‌ದು ಒಂದು. ಗಾಜಿನ ಲೋಟದಲ್ಲಿ 1 ಎಂಎಲ್ ವಿನೆಗರ್, ಸ್ವಲ್ಪ ನೀರು, ಐದು ಹನಿ ಅರಿಶಿನ. ಕೆಳಗೆ ಬಿಳಿ ಕಾಗದ. ದೊಡ್ಡ ಸಿರಿಂಜಿನಿಂದ ಸುಣ್ಣದ ತಿಳಿ ಬಿಡುತ್ತಾ ಕಲಕಿ. ಹಳದಿ ಹೋಗಿ ಕೆಂಪು ನಿಂತ ಕಡೆ ನಿಲ್ಲಿಸಿ. ಶೇಕಡಾ 4ರ ವಿನೆಗರಿಗೆ 16 ಎಂಎಲ್ ಆಚೀಚೆ ಬೇಕಾಗುತ್ತದೆ.

ಈ ವರ್ಷ ಜುಲೈ ಪ್ರಶ್ನೆ ಕೇಳಿದ ಹುಡುಗಿ ಅಂಗಡಿಯದ್ದಕ್ಕೆ 16, ಬಾಯಮ್ಮನದ್ದಕ್ಕೆ 20 ಎಂದು ಬರೆದುಕೊಂಡು ಬಂದಳು. ಸಿರಿಂಜಿನಲ್ಲಿ ಅಳೆದದ್ದಕ್ಕೆ ಇದು ತುಂಬಾ ಒಳ್ಳೆಯ ಫಲ. ಲ್ಯಾಬಿನ 4 ಮತ್ತು 5ರ ಅನುಪಾತವೇ ಮನೆಯಲ್ಲೂ ಬಂದಿತ್ತು. ಆದರೆ ಅವಳ ಮುಖ ಸಪ್ಪೆ. ಅಂಗಳದ ಮರದ ಹುಳಿ ಕಾಯಿ ಬಿಂಬುಳಿ ಹಿಂಡಿ ಅದನ್ನೂ ನೋಡಿದ್ದಳಂತೆ. ಮೊದಲ ಹನಿಯಿಂದಲೇ ಲೋಟ ಬೆಳ್ಳಗೆ ಕದಡಿ ಬಣ್ಣವೇ ಕಾಣಲಿಲ್ಲವಂತೆ. "ನಾನು ಏನೋ ತಪ್ಪು ಮಾಡಿದೆ" ಎಂದಳು. ತಪ್ಪೇನೂ ಇರಲಿಲ್ಲ. ಬಿಂಬುಳಿಯಲ್ಲಿ ಆಕ್ಸಾಲಿಕ್ ಆಮ್ಲ ತುಂಬಾ ಇದೆ. ಸುಣ್ಣದ ಕ್ಯಾಲ್ಸಿಯಂ ಅದಕ್ಕೆ ಸೇರಿದರೆ ಕ್ಯಾಲ್ಸಿಯಂ ಆಕ್ಸಲೇಟ್, ಅದು ನೀರಿನಲ್ಲಿ ಕರಗುವುದೇ ಇಲ್ಲ.

ಸೋಮವಾರ ಅವಳು ಬಿಂಬುಳಿಯನ್ನು ಡಬ್ಬಿಯಲ್ಲಿ ತಂದಳು. ರಸವನ್ನು ಬಟ್ಟೆಯಲ್ಲಿ ಸೋಸಿ, ತೆಳು ಮಾಡಿ, ಈ ಸಲ ಸೋಡಿಯಂ ಹೈಡ್ರಾಕ್ಸೈಡ್ ಬಿಟ್ಟೆವು. ಸೋಡಿಯಂ ಆಕ್ಸಲೇಟ್ ಕರಗುತ್ತದೆ, ಫ್ಲಾಸ್ಕ್ ಕೊನೆಯವರೆಗೂ ತಿಳಿಯಾಗಿಯೇ ಇತ್ತು. ಅವಳ ಮೂರನೇ ರೀಡಿಂಗ್ ಎರಡನೆಯದಕ್ಕೆ ಸರಿಯಾಗಿ ಹೊಂದಿತು.